ಫಾರ್ವರ್ಡ್‌ಗಳು ಯಾಕೆ ಸಾಯುವುದಿಲ್ಲ? ಮೀಮ್ ಎಂಬ ಪದದ ಹಿಂದಿನ ವಿಜ್ಞಾನ

ಒಂದು ಬೀದಿ. ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ. ಹಿಂದೆ ಕುಳಿತವನು ಒಂದು ಮಗುವನ್ನು ಎತ್ತಿಕೊಳ್ಳುತ್ತಾನೆ, ಬೈಕು ಮಾಯ. ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

2018ರಲ್ಲಿ ಈ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೊಂದು ಆಡಿಯೋ ಅಥವಾ ನಾಲ್ಕು ಸಾಲಿನ ಬರಹ: ಮಕ್ಕಳ ಕಳ್ಳರು ನಮ್ಮ ಊರಿಗೆ ಬಂದಿದ್ದಾರೆ, ಎಚ್ಚರ, ಎಲ್ಲ ಗುಂಪುಗಳಿಗೂ ಕಳಿಸಿ. ಮಕ್ಕಳಿರುವ ಮನೆಯಲ್ಲಿ ಇದನ್ನು ನೋಡಿ ಸುಮ್ಮನೆ ಕೂರುವುದು ಕಷ್ಟ.

ಆದರೆ ಆ ವಿಡಿಯೋ ಅಲ್ಲಿಗೆ ಮುಗಿಯುವುದಿಲ್ಲ. ಅದು ನಮ್ಮ ದೇಶದ್ದೂ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ಜಾಗೃತಿಗಾಗಿ ಮಾಡಿಸಿದ ಜಾಹೀರಾತು ಅದು. ಮೂಲದಲ್ಲಿ ಬೈಕು ಸ್ವಲ್ಪ ಮುಂದೆ ಹೋಗಿ ತಿರುಗಿ ಬರುತ್ತದೆ. ಮಗುವನ್ನು ಕೆಳಗಿಳಿಸುತ್ತಾರೆ. ಆಮೇಲೆ ಒಂದು ಫಲಕ ಬಿಚ್ಚಿ ತೋರಿಸುತ್ತಾರೆ: ಕರಾಚಿಯ ಬೀದಿಯಲ್ಲಿ ಮಗು ಕಳೆದುಹೋಗಲು ಒಂದು ಕ್ಷಣ ಸಾಕು ಎಂಬ ಅರ್ಥದ ಮಾತು ಅದರಲ್ಲಿದೆ. ಯಾರೋ ಆ ಕೊನೆಯ ಕೆಲವು ಸೆಕೆಂಡುಗಳನ್ನು ಕತ್ತರಿಸಿದರು.

ಪೂರ್ತಿ ಜಾಹೀರಾತು ನೋಡಿದವರು 'ಒಳ್ಳೆಯ ಸಂದೇಶ' ಎಂದುಕೊಂಡು ಮುಂದೆ ಹೋಗುತ್ತಾರೆ. ಕತ್ತರಿಸಿದ ತುಂಡು ನೋಡಿದವರು ಗಾಬರಿಯಾಗಿ ಹತ್ತು ಗುಂಪಿಗೆ ಕಳಿಸುತ್ತಾರೆ. ಒಂದೇ ವಿಡಿಯೋದ ಎರಡು ರೂಪಗಳು, ಒಂದು ಎಲ್ಲೋ ಉಳಿಯಿತು, ಇನ್ನೊಂದು ಊರೂರು ತಿರುಗಿತು. ಇದನ್ನು ಅರ್ಥ ಮಾಡಿಕೊಳ್ಳಲು ಜೀವವಿಜ್ಞಾನದಿಂದ ಬಂದ ಒಂದು ಹಳೆಯ ವಿಚಾರ ನಮ್ಮ ಸಹಾಯಕ್ಕೆ ಬರುತ್ತದೆ. ಅದರ ಹೆಸರು ನಿಮಗೆ ಗೊತ್ತಿರುವುದೇ: ಮೀಮ್.

ಮೀಮ್ ಅಂದರೆ ನಗಿಸುವ ಚಿತ್ರ ಅಲ್ಲವೇ?

ಇಂದು ಹೌದು. ಸಿನಿಮಾ ನಟರ ಮುಖದ ಮೇಲೆ ಎರಡು ಸಾಲು ಬರೆದು ಹಂಚುವುದಕ್ಕೆ ನಾವೆಲ್ಲ ಮೀಮ್ ಎನ್ನುತ್ತೇವೆ. ಆದರೆ ಈ ಪದ ಹುಟ್ಟಿದಾಗ ಇಂಟರ್ನೆಟ್ಟೇ ಇರಲಿಲ್ಲ. 1976ರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 'ದಿ ಸೆಲ್ಫಿಶ್ ಜೀನ್' ಎಂಬ ಪುಸ್ತಕ ಬರೆದರು. ಪುಸ್ತಕದ ತುಂಬ ಇರುವುದು ಜೀನ್‌ಗಳ ಕತೆ, ಅಂದರೆ ವಂಶವಾಹಿಗಳ ಕತೆ. ಆದರೆ ಅದರ ಹನ್ನೊಂದನೆಯ ಅಧ್ಯಾಯದಲ್ಲಿ ಅವರೊಂದು ಪ್ರಶ್ನೆ ಎತ್ತಿದರು. ನಕಲಾಗುತ್ತಾ, ಸ್ವಲ್ಪ ಸ್ವಲ್ಪ ಬದಲಾಗುತ್ತಾ, ಕೆಲವು ಉಳಿದು ಕೆಲವು ಅಳಿಯುತ್ತಾ ಹೋಗುವುದು ಜೀನ್ ಮಾತ್ರವೇ? ಹಾಡಿನ ಧಾಟಿ, ಉಡುಪಿನ ಫ್ಯಾಷನ್, ಮಡಕೆ ಮಾಡುವ ರೀತಿ, ಜನರ ಬಾಯಲ್ಲಿ ಓಡಾಡುವ ಮಾತು, ಇವೂ ಒಂದು ತಲೆಯಿಂದ ಇನ್ನೊಂದು ತಲೆಗೆ ಹೀಗೆಯೇ ದಾಟುವುದಿಲ್ಲವೇ?

ಹಾಗೆ ದಾಟುವ ತುಣುಕಿಗೆ ಅವರೊಂದು ಹೆಸರು ಕಟ್ಟಿದರು. ಅನುಕರಣೆ ಎಂಬ ಅರ್ಥದ ಗ್ರೀಕ್ ಮೂಲದಿಂದ 'ಮೈಮೀಮ್' ತೆಗೆದುಕೊಂಡು, ಜೀನ್ ಜೊತೆ ಪ್ರಾಸವಾಗಲಿ ಎಂದು ಅದನ್ನು ಮೀಮ್ ಎಂದು ಮೊಟಕು ಮಾಡಿದರು. ಆ ಪದವೇ ಮುಂದೆ ಬಾಯಿಂದ ಬಾಯಿಗೆ ಹೋಗಿ ಅರ್ಥ ಬದಲಿಸಿಕೊಂಡಿತು ಎಂಬುದು ಮಜವಾದ ಸಂಗತಿ.

ಡಾಕಿನ್ಸ್ ಮಾತಿನಲ್ಲಿ ನಮಗೆ ಇಲ್ಲಿ ಬೇಕಾದದ್ದು ಒಂದೇ. ಜೀನ್ ಒಂದು ಹರಡುವುದು ಅದು ಒಳ್ಳೆಯದೆಂಬ ಕಾರಣಕ್ಕಲ್ಲ, ಹರಡುವುದರಲ್ಲಿ ಅದು ಗಟ್ಟಿ ಎಂಬ ಕಾರಣಕ್ಕೆ. ನೆಗಡಿಯ ವೈರಸ್ ನಮಗೇನೂ ಉಪಕಾರ ಮಾಡುವುದಿಲ್ಲ, ಆದರೂ ವರ್ಷ ವರ್ಷ ಬರುತ್ತದೆ. ಮಾತುಗಳಿಗೂ ಇದೇ ಲೆಕ್ಕ. ನಿಮ್ಮ ಫೋನಿಗೆ ಬಂದ ಫಾರ್ವರ್ಡ್ ಸಾವಿರಾರು ಫೋನು ದಾಟಿ ಬಂದಿದೆ ಎಂದರೆ, ದಾಟುವ ಶಕ್ತಿ ಅದಕ್ಕಿದೆ ಎಂದಷ್ಟೇ ಅರ್ಥ. ಅದು ನಿಜವೋ ಸುಳ್ಳೋ, ಉಪಯೋಗವೋ ಅಪಾಯವೋ ಎಂಬುದು ಬೇರೆಯೇ ಪ್ರಶ್ನೆ.

ವಾಟ್ಸ್‌ಆ್ಯಪ್‌ಗಿಂತ ಮೊದಲು

ವಾಟ್ಸ್‌ಆ್ಯಪ್ ಬಂದ ಮೇಲೆ ಜನ ಹೀಗಾದರು ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಸ್ವಲ್ಪ ವಯಸ್ಸಾದ ಓದುಗರಿಗೆ ಪೋಸ್ಟ್‌ಕಾರ್ಡ್ ನೆನಪಿರಬಹುದು. ದೇವರ ಹೆಸರಿನಲ್ಲಿ ಒಂದು ಕಾರ್ಡು ಬರುತ್ತಿತ್ತು. ಇದನ್ನು ಇಂತಿಷ್ಟು ಜನರಿಗೆ ಬರೆದು ಹಾಕಿದವರಿಗೆ ಲಾಭವಾಯಿತು, ಹರಿದು ಹಾಕಿದವರಿಗೆ ಕಷ್ಟ ಬಂತು, ನೀವೂ ಬರೆಯಿರಿ. ಕಾರ್ಡಿನ ಖರ್ಚು ನಮ್ಮದು, ಕೈ ನೋವು ನಮ್ಮದು, ಆದರೂ ಬರೆಯುತ್ತಿದ್ದರು.

ಇಂಥ ಪತ್ರಗಳು ಜಗತ್ತಿನ ತುಂಬ ಇದ್ದವು. ಅಮೆರಿಕದಲ್ಲಿ ಚಾರ್ಲ್ಸ್ ಬೆನೆಟ್ ಎಂಬ ವಿಜ್ಞಾನಿಗೆ ಇವುಗಳ ಮೇಲೆ ಕಣ್ಣು ಬಿತ್ತು. 1980ರಿಂದ 1995ರವರೆಗೆ ಒಂದೇ ಪತ್ರದ 33 ಬೇರೆ ಬೇರೆ ಪ್ರತಿಗಳು ಸಂಗ್ರಹವಾದವು. ಜನ ಇವನ್ನು ಜೆರಾಕ್ಸ್ ಮಾಡುತ್ತಿದ್ದರು. ಜೆರಾಕ್ಸಿನ ಜೆರಾಕ್ಸ್ ಮಾಡುತ್ತಾ ಅಕ್ಷರ ಮಸುಕಾದಾಗ ಯಾರೋ ಒಬ್ಬರು ಕೂತು ಹೊಸದಾಗಿ ಟೈಪ್ ಮಾಡುತ್ತಿದ್ದರು. ಆಗ ತಪ್ಪುಗಳು ನುಸುಳುತ್ತಿದ್ದವು. ಹೆಸರುಗಳು ಬದಲಾಗುತ್ತಿದ್ದವು, ಒಂದು ಸಾಲು ಬಿಟ್ಟುಹೋಗುತ್ತಿತ್ತು, ಇನ್ನೊಂದು ಸೇರಿಕೊಳ್ಳುತ್ತಿತ್ತು. ಮುಂದಿನ ಪ್ರತಿಗಳೆಲ್ಲ ಆ ತಪ್ಪನ್ನು ಹೊತ್ತುಕೊಂಡೇ ಹೋಗುತ್ತಿದ್ದವು.

ಜೀನ್‌ನಲ್ಲಿ ಆಗುವುದೂ ಇದೇ. ಹಾಗಾಗಿ ಬೆನೆಟ್, ಮಿಂಗ್ ಲೀ ಮತ್ತು ಬಿನ್ ಮಾ ಎಂಬ ಇನ್ನಿಬ್ಬರು ವಿಜ್ಞಾನಿಗಳ ಜೊತೆ ಸೇರಿ, ಪ್ರಾಣಿಗಳ ವಂಶವೃಕ್ಷ ಕಟ್ಟುವ ಲೆಕ್ಕಾಚಾರವನ್ನು ಈ 33 ಪತ್ರಗಳಿಗೆ ಹಚ್ಚಿದರು. ಯಾವ ಪತ್ರದಿಂದ ಯಾವ ಪತ್ರ ಹುಟ್ಟಿತು, ಯಾವುದು ಯಾವುದಕ್ಕೆ ದಾಯಾದಿ ಎಂಬ ವಂಶವೃಕ್ಷ ಸಿಕ್ಕಿತು. 2003ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಈ ಕೆಲಸ ಪ್ರಕಟವಾಯಿತು. ಮಾತು ವಿಕಾಸವಾಗುತ್ತದೆ ಎಂಬುದು ಬರೀ ಹೋಲಿಕೆ ಅಲ್ಲ, ಅಳೆದು ತೋರಿಸಬಹುದಾದ ಸಂಗತಿ ಎಂದು ನಾವು ಹೇಳುವುದು ಇದಕ್ಕೇ.

ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ಇದೆ. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಮುತ್ತಲಿನ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂಬ ಎರಡು ಪದ ಕಾಣಿಸಿಕೊಂಡವು. ರಾತ್ರಿ ಹೆಣ್ಣು ದೆವ್ವವೊಂದು ಬಂದು ಪರಿಚಯದವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಸಾವು, ಆದರೆ 'ನಾಳೆ ಬಾ' ಎಂದು ಬರೆದಿದ್ದರೆ ಓದಿಕೊಂಡು ವಾಪಸು ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ಸುದ್ದಿ. 2018ರ ಹಿಂದಿ ಸಿನಿಮಾ 'ಸ್ತ್ರೀ' ನೋಡಿದವರಿಗೆ ಈ ಕತೆ ಗೊತ್ತು.

ನಮಗೆ ಇಲ್ಲಿ ಆಸಕ್ತಿ ಇರುವುದು ದೆವ್ವದ ಮೇಲಲ್ಲ, ಬರಹದ ಮೇಲೆ. ಸುದ್ದಿ ನಂಬಿದವನು ಬಾಗಿಲ ಮೇಲೆ ಬರೆಯುತ್ತಾನೆ. ಬೀದಿಯಲ್ಲಿ ಹೋಗುವವನು ಅದನ್ನು ಓದಿ 'ಇದೇನು?' ಎಂದು ಕೇಳುತ್ತಾನೆ. ಕತೆ ಅವನಿಗೂ ಗೊತ್ತಾಗುತ್ತದೆ. ಅಂದರೆ ದೆವ್ವದಿಂದ ಪಾರಾಗುವ ಉಪಾಯವೇ ದೆವ್ವದ ಸುದ್ದಿಯನ್ನು ಹರಡುವ ಜಾಹೀರಾತು! ಒಂದು ತುಂಡು ಸೀಮೆಸುಣ್ಣದ ಖರ್ಚು, ಬರೆಯದಿದ್ದರೆ ಜೀವಭಯ. ನಂಬದವರೂ 'ಇರಲಿ ಬಿಡು' ಎಂದು ಬರೆದುಬಿಡುವಂಥ ಲೆಕ್ಕ ಇದು. ಯಾರೂ ಕೂತು ಯೋಚಿಸಿ ಹೆಣೆದಿರಬೇಕಾಗಿಲ್ಲ. ಜನ ಹೇಳಿಕೊಳ್ಳುವ ನೂರಾರು ದೆವ್ವದ ಕತೆಗಳಲ್ಲಿ ಹೀಗೆ ತನ್ನ ಪ್ರಚಾರ ತಾನೇ ಮಾಡಿಕೊಳ್ಳುವ ಕತೆ ಮುಂದೆ ಬಂತು, ಉಳಿದವು ಅಜ್ಜಿಯ ಬಾಯಲ್ಲೇ ಉಳಿದವು.

ಉಳಿಯುವುದಕ್ಕೆ ಬೇಕಾದ ಬಾಲ

ಇಂಥ ಬದಲಾವಣೆಗಳನ್ನು ದೊಡ್ಡ ಮಟ್ಟದಲ್ಲಿ ಎಣಿಸುವ ಅವಕಾಶ ಫೇಸ್‌ಬುಕ್ ಬಂದ ಮೇಲೆ ಸಿಕ್ಕಿತು. 2009ರಲ್ಲಿ ಅಮೆರಿಕದಲ್ಲಿ ಆರೋಗ್ಯ ವಿಮೆಯ ಬಗ್ಗೆ ದೊಡ್ಡ ಚರ್ಚೆ ನಡೆಯುತ್ತಿತ್ತು. ಚಿಕಿತ್ಸೆಗೆ ಹಣವಿಲ್ಲದೆ ಯಾರೂ ಸಾಯುವಂತಾಗಬಾರದು, ಒಪ್ಪುವುದಾದರೆ ಇದನ್ನೇ ಇಂದು ನಿಮ್ಮ ಸ್ಟೇಟಸ್ ಆಗಿ ಹಾಕಿ ಎಂಬರ್ಥದ ಬರಹವೊಂದು ಅಲ್ಲಿ ಹಬ್ಬಿತು. ಆಗ ಶೇರ್ ಗುಂಡಿ ಒತ್ತುವ ಸೌಕರ್ಯವಿರಲಿಲ್ಲ, ಜನ ಕಾಪಿ ಮಾಡಿ ಅಂಟಿಸಬೇಕಿತ್ತು. ಅಂಟಿಸುವಾಗ ಕೆಲವರು ತಿದ್ದಿದರು.

ಫೇಸ್‌ಬುಕ್ ದತ್ತಾಂಶವನ್ನು ಅಧ್ಯಯನ ಮಾಡಿದ ಲಾಡಾ ಅಡಾಮಿಕ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಈ ಒಂದು ಬರಹ 11 ಲಕ್ಷಕ್ಕೂ ಹೆಚ್ಚು ಸ್ಟೇಟಸ್‌ಗಳಲ್ಲಿ, 1.2 ಲಕ್ಷಕ್ಕೂ ಹೆಚ್ಚು ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಂಡಿತ್ತು. ವಿಮಾ ಯೋಜನೆಯನ್ನು ವಿರೋಧಿಸುವವರ ನಡುವೆ ಅದರ ಅರ್ಥವೇ ತಿರುಗಿದ ರೂಪ ಹಬ್ಬಿತು. ದುಡ್ಡಿಲ್ಲದ ಕಾರಣಕ್ಕೆ ಯಾರೂ ಬಿಯರ್ ಇಲ್ಲದೆ ಇರಬಾರದು ಎಂಬ ತಮಾಷೆಯ ರೂಪವೂ ಓಡಿತು. ಒಂದೇ ಬೀಜ, ಬಿದ್ದ ನೆಲಕ್ಕೆ ತಕ್ಕ ಹಾಗೆ ಬೇರೆ ಗಿಡ. ಇನ್ನೊಂದು ಅಂಶವೂ ಕಂಡಿತು: 'ಇದನ್ನು ನೀವೂ ಹಾಕಿ' ಎಂಬ ಬಾಲವಿದ್ದ ಬರಹಗಳು ಹೆಚ್ಚು ನಕಲಾದವು.

ಈ ಬಾಲ ನಮಗೆ ಚೆನ್ನಾಗಿ ಗೊತ್ತು. 'ಎಲ್ಲ ಗುಂಪುಗಳಿಗೂ ಕಳಿಸಿ.' 'ನಿಜವಾದ ಭಾರತೀಯನಾದರೆ ಶೇರ್ ಮಾಡಿ.' 'ಒಂದು ಜೀವ ಉಳಿಯಬಹುದು.' ಸುದ್ದಿಯ ವಿಷಯಕ್ಕೂ ಈ ಸಾಲಿಗೂ ಸಂಬಂಧವಿಲ್ಲ. ಎಕ್ಕದ ಬೀಜಕ್ಕೆ ಹತ್ತಿ ಇದ್ದ ಹಾಗೆ, ಅದು ಹಾರುವುದಕ್ಕೆ ಇರುವ ಅಂಗ.

ಇನ್ನೊಂದು ಅಂಗ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಅದು ದಿನಾಂಕ ಇಲ್ಲದಿರುವುದು. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಅತ್ಯುತ್ತಮ ಎಂದು 'ಕೆಲವೇ ನಿಮಿಷಗಳ ಹಿಂದೆ' ಘೋಷಿಸಿದೆ ಎಂಬ ಸಂದೇಶ ಎಷ್ಟು ವರ್ಷಗಳಿಂದ ಓಡುತ್ತಿದೆ ನೋಡಿ. ಯುನೆಸ್ಕೋ ಅಂಥದ್ದೇನೂ ಘೋಷಿಸಿಲ್ಲ ಎಂದು ಎಷ್ಟೋ ಹಿಂದೆಯೇ ಸ್ಪಷ್ಟವಾಗಿದೆ. ಆದರೂ ಪ್ರತಿ ಆಗಸ್ಟಿನಲ್ಲೂ ಆ 'ಕೆಲವೇ ನಿಮಿಷಗಳು' ಹೊಸದಾಗಿ ಶುರುವಾಗುತ್ತವೆ. ದಿನಾಂಕ ಇದ್ದಿದ್ದರೆ ಮರುವರ್ಷವೇ ಅದು ಹಳೆಯ ಸುದ್ದಿಯಾಗಿ ಸಾಯುತ್ತಿತ್ತು. ಊರಿನ ಹೆಸರಿಗೂ ಇದೇ ಮಾತು. 'ನಮ್ಮ ಊರಿನಲ್ಲಿ' ಎಂದು ಬರೆದ ಫಾರ್ವರ್ಡ್ ಎಲ್ಲ ಊರುಗಳಲ್ಲೂ ನಿಜವೆನಿಸುತ್ತದೆ.

ನಾವು ಯಾಕೆ ಕೇಳದೆ ನಕಲು ಮಾಡುತ್ತೇವೆ?

ಇದನ್ನು ದಡ್ಡತನ ಎಂದು ಬಿಡುವವರಿದ್ದಾರೆ. ವಿಷಯ ಅಷ್ಟು ಸರಳವಿಲ್ಲ.

ವಿಕ್ಟೋರಿಯಾ ಹಾರ್ನರ್ ಮತ್ತು ಆ್ಯಂಡ್ರೂ ವೈಟನ್ 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೀಗಿದೆ. ಒಂದು ಪೆಟ್ಟಿಗೆ, ಒಳಗೆ ತಿನಿಸು. ತೆಗೆಯುವುದು ಹೇಗೆಂದು ಒಬ್ಬರು ತೋರಿಸುತ್ತಾರೆ: ಮೊದಲು ಮೇಲಿನ ತೂತಿನಲ್ಲಿ ಕೋಲು ಹಾಕಿ ಕುಟ್ಟುವುದು, ಆಮೇಲೆ ಪಕ್ಕದ ಬಾಗಿಲು ಸರಿಸಿ ತಿನಿಸು ತೆಗೆಯುವುದು. ಮೇಲೆ ಕುಟ್ಟುವುದರಿಂದ ಏನೂ ಪ್ರಯೋಜನವಿಲ್ಲ. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ ಇದು ಎದುರಿಗೇ ಕಾಣುತ್ತದೆ. ಆಗ ಚಿಂಪಾಂಜಿಗಳು ಕುಟ್ಟುವುದನ್ನು ಬಿಟ್ಟು ನೇರವಾಗಿ ತಿನಿಸಿಗೆ ಕೈ ಹಾಕಿದವು. ಮೂರು ನಾಲ್ಕು ವರ್ಷದ ಮಕ್ಕಳು? ತೋರಿಸಿದ್ದನ್ನೆಲ್ಲ ಹಾಗೆಯೇ ಮಾಡಿದವು, ಕುಟ್ಟುವುದೂ ಸೇರಿ.

ಚಿಂಪಾಂಜಿ ಜಾಣ, ಮಗು ದಡ್ಡ ಎಂದುಕೊಳ್ಳಬೇಡಿ. ಕಾರಣ ಗೊತ್ತಿಲ್ಲದಿದ್ದರೂ ಪೂರ್ತಿ ನಕಲು ಮಾಡುವ ಈ ಗುಣದಿಂದಲೇ ಮನುಷ್ಯರ ಸಂಸ್ಕೃತಿ ಬೆಳೆದಿರುವುದು ಎಂದು ಬಹಳ ಸಂಶೋಧಕರು ಹೇಳುತ್ತಾರೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಾಡುವ ಪತ್ರೊಡೆಯನ್ನೇ ತೆಗೆದುಕೊಳ್ಳಿ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ವಸ್ತುವಿನ ಸೂಜಿಯಂಥ ಹರಳುಗಳಿರುತ್ತವೆ. ಹಸಿಯಾಗಿ ತಿಂದರೆ ಬಾಯಿ, ಗಂಟಲು ತುರಿಸುತ್ತದೆ. ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿ ಹಾಕಬೇಕು, ಹಬೆಯಲ್ಲಿ ಚೆನ್ನಾಗಿ ಬೇಯಿಸಬೇಕು ಎಂದು ಅಮ್ಮ ಹೇಳಿಕೊಡುತ್ತಾಳೆ. ಅವಳಿಗೆ ಹರಳಿನ ವಿಷಯ ಗೊತ್ತಿರಲಿಲ್ಲ, ಅವಳ ಅಮ್ಮನಿಗೂ ಗೊತ್ತಿರಲಿಲ್ಲ. 'ಯಾಕೆ ಹುಳಿ?' ಎಂದು ಪ್ರಶ್ನಿಸಿ ಬಿಟ್ಟುಬಿಟ್ಟ ಸೊಸೆಯ ಪತ್ರೊಡೆ ಯಾರಿಗೂ ರುಚಿಸಿರಲಾರದು. ಬೆಂಕಿ ಕಾಯುವುದು, ಬೀಜ ಕಾಪಾಡುವುದು, ಭಾಷೆ ಕಲಿಯುವುದು, ಎಲ್ಲವನ್ನೂ ನಾವು ಹೀಗೆ ಹಿಂದಿನವರಿಂದ ಕಣ್ಣುಮುಚ್ಚಿ ತೆಗೆದುಕೊಂಡಿದ್ದೇವೆ. ಎಲ್ಲವನ್ನೂ ನಾವೇ ಪರೀಕ್ಷಿಸಿ ಕಲಿಯಲು ಒಂದು ಜನ್ಮ ಸಾಲದು.

ಆದರೆ ಪತ್ರೊಡೆಗೂ ಫಾರ್ವರ್ಡ್‌ಗೂ ಒಂದು ವ್ಯತ್ಯಾಸವಿದೆ. ಪತ್ರೊಡೆಯ ವಿಧಾನ ತಪ್ಪಿದ್ದರೆ ಅಂದೇ ಸಂಜೆ ಗಂಟಲಿಗೆ ಗೊತ್ತಾಗುತ್ತದೆ. ಹೇಳಿಕೊಟ್ಟವಳು ಅದೇ ಮನೆಯಲ್ಲಿ ಇರುತ್ತಾಳೆ, ಅವಳೂ ಅದನ್ನೇ ಉಣ್ಣುತ್ತಾಳೆ. ತಪ್ಪು ವಿಧಾನ ಹೆಚ್ಚು ದಿನ ಬಾಳುವುದಿಲ್ಲ. ಫಾರ್ವರ್ಡ್ ಸುಳ್ಳಾಗಿದ್ದರೆ ಕಳಿಸಿದವರ ಗಂಟಲು ತುರಿಸುವುದಿಲ್ಲ.

ವಿಜ್ಞಾನಿಗಳೆಲ್ಲ ಒಪ್ಪುತ್ತಾರೆಯೇ?

ಇಲ್ಲ. ಮೀಮ್ ವಿಚಾರಕ್ಕೆ ಬಲವಾದ ಟೀಕೆಗಳಿವೆ. ಜೀನ್ ಅಕ್ಷರಕ್ಕಕ್ಷರ ನಕಲಾಗುತ್ತದೆ, ಮಾತು ಹಾಗೆ ಆಗುವುದಿಲ್ಲ. ನೀವು ಹೇಳಿದ ಕತೆಯನ್ನು ನಾವು ನಮ್ಮ ತಲೆಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತೇವೆ, ಹಾಗೆ ಕಟ್ಟುವಾಗ ಅದು ನಮಗೆ ಮೊದಲೇ ಗೊತ್ತಿದ್ದ ಆಕಾರಕ್ಕೆ ವಾಲುತ್ತದೆ ಎಂದು ಫ್ರಾನ್ಸಿನ ಡಾನ್ ಸ್ಪರ್ಬರ್ ವಾದಿಸಿದರು. ಇದಕ್ಕೆ ಹಳೆಯ ಸಾಕ್ಷಿಯೂ ಇದೆ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರ ಪುಸ್ತಕದಲ್ಲಿ ವಿವರಿಸಿದ ಪ್ರಯೋಗದಲ್ಲಿ, ಅಮೆರಿಕದ ಮೂಲನಿವಾಸಿಗಳ ಕತೆಯೊಂದನ್ನು ಇಂಗ್ಲಿಷ್ ಓದುಗರು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ದಾಟುತ್ತಾ ಕತೆ ಚಿಕ್ಕದಾಯಿತು, ಅರ್ಥವಾಗದ ಭಾಗಗಳು ಉದುರಿದವು, ಅವರ ತೊರೆದೋಣಿ ಇವರ ಸಾಮಾನ್ಯ ದೋಣಿಯಾಯಿತು.

'ಮೀಮೆಟಿಕ್ಸ್' ಎಂಬ ಪ್ರತ್ಯೇಕ ವಿಜ್ಞಾನ ಕಟ್ಟುವ ಪ್ರಯತ್ನ ಹೆಚ್ಚು ದೂರ ಹೋಗಲಿಲ್ಲ. ಅದಕ್ಕಾಗಿ 1997ರಲ್ಲಿ ಶುರುವಾದ ಪತ್ರಿಕೆ 2005ರಲ್ಲಿ ನಿಂತಿತು. ಈಗ ಸಂಶೋಧಕರು ಹೆಚ್ಚಾಗಿ 'ಸಂಸ್ಕೃತಿಯ ವಿಕಾಸ' ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಾರೆ, ಯಾರು ಯಾರನ್ನು ನೋಡಿ ಕಲಿಯುತ್ತಾರೆ, ಯಾಕೆ ಕಲಿಯುತ್ತಾರೆ ಎಂದು ಅಳೆಯುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಸ್ಪರ್ಬರ್ ಹೇಳಿದ್ದು ಬಾಯಿಮಾತಿಗೆ ಸರಿ. ಆದರೆ ಫಾರ್ವರ್ಡ್ ಗುಂಡಿ ಬಂದ ಮೇಲೆ ಒಂದು ಹೊಸ ಪರಿಸ್ಥಿತಿ ಹುಟ್ಟಿದೆ. ಅದು ನಿಜವಾಗಿಯೂ ಅಕ್ಷರಕ್ಕಕ್ಷರ ನಕಲು ಮಾಡುತ್ತದೆ. ಓದದೆಯೂ ಕಳಿಸಬಹುದು. ತಲೆಯ ಒಳಗೆ ಹೋಗಿ ಬರುವ ಅಗತ್ಯವೇ ಇಲ್ಲ.

ಸುಳ್ಳಿಗೆ ಯಾಕೆ ಓಟ ಜಾಸ್ತಿ?

ಅಮೆರಿಕದ ಎಂಐಟಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹಬ್ಬಿದ ಸುಮಾರು 1.26 ಲಕ್ಷ ಸುದ್ದಿಗಳನ್ನು ಪರಿಶೀಲಿಸಿ 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. 1,500 ಜನರನ್ನು ತಲುಪಲು ನಿಜ ಸುದ್ದಿಗೆ ಸುಳ್ಳು ಸುದ್ದಿಗಿಂತ ಸುಮಾರು 6 ಪಟ್ಟು ಹೆಚ್ಚು ಸಮಯ ಬೇಕಾಗಿತ್ತು. ಇದೆಲ್ಲ ಯಂತ್ರಗಳ ಕೆಲಸ ಎಂದುಕೊಳ್ಳುವವರಿಗೆ ಅವರ ಉತ್ತರ: ಯಂತ್ರ ಖಾತೆಗಳನ್ನು ತೆಗೆದುಹಾಕಿ ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಓಡಿಸಿದ್ದು ಮನುಷ್ಯರೇ. ಸುಳ್ಳಿಗೆ ಹೊಸತನ ಹೆಚ್ಚು, ಅದು ಅಚ್ಚರಿ ಮತ್ತು ಅಸಹ್ಯ ಹುಟ್ಟಿಸುತ್ತದೆ. ನಿಜಕ್ಕೆ ನಡೆದದ್ದರ ಮಿತಿ ಇದೆ. ಸುಳ್ಳಿಗೆ ಆ ಮಿತಿ ಇಲ್ಲ, ಹರಡಲು ಬೇಕಾದ ಆಕಾರ ತಳೆಯಬಹುದು.

ಕರಾಚಿಯ ವಿಡಿಯೋ ತಳೆದ ಆಕಾರ ಏನು ಮಾಡಿತು ನೋಡೋಣ. ಮಕ್ಕಳ ಕಳ್ಳರ ವದಂತಿ 2018ರಲ್ಲಿ ಹಲವು ರಾಜ್ಯಗಳಲ್ಲಿ ಹಬ್ಬಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರು ಸತ್ತರು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿಗೆ ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅನುಮಾನ ಬಂತು, ಜಗಳವಾಯಿತು, ಅದರ ವಿಡಿಯೋ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಾರಿಗಿಂತ ಮೊದಲು ಮುಂದಿನ ಊರು ಮುರ್ಕಿ ತಲುಪಿತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಕಾದಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು, ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು.

ಈ ಫಾರ್ವರ್ಡ್ ಕಳಿಸಿದವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳಿಸಿದರು. 'ಸುಳ್ಳಾದರೂ ನಷ್ಟವೇನು, ಎಚ್ಚರ ಒಳ್ಳೆಯದೇ' ಎಂದುಕೊಂಡರು. ಬಾಗಿಲ ಮೇಲೆ 'ನಾಳೆ ಬಾ' ಬರೆದವರ ಲೆಕ್ಕವೂ ಇದೇ ಆಗಿತ್ತು, ಅಲ್ಲಿ ಖರ್ಚಾದದ್ದು ಸೀಮೆಸುಣ್ಣ. ಇಲ್ಲಿ ಬೆಲೆ ತೆತ್ತವರು ಊರಿಗೆ ಹೊಸಬರಾಗಿದ್ದವರು.

ಹರಿಯುವ ದಾರಿಯನ್ನೇ ಕಿರಿದು ಮಾಡಿದರೆ?

ಸೋಂಕುರೋಗದ ವಿಷಯದಲ್ಲಿ ನಾವು ರೋಗಾಣುವಿನ ಜೊತೆ ವಾದ ಮಾಡುವುದಿಲ್ಲ, ಒಬ್ಬರಿಂದ ಎಷ್ಟು ಜನರಿಗೆ ಹರಡುತ್ತದೆ ಎಂಬುದನ್ನು ಕಡಿಮೆ ಮಾಡುತ್ತೇವೆ. ಮಾತಿನ ವಿಷಯದಲ್ಲೂ ಇದನ್ನು ಪ್ರಯತ್ನಿಸಲಾಗಿದೆ. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದಾಗ, ಕೇಂದ್ರ ಸರ್ಕಾರ ಎಸ್‌ಎಂಎಸ್‌ಗಳಿಗೆ ಕೆಲವು ದಿನ ಮಿತಿ ಹಾಕಿತು. 2018ರ ಜುಲೈನಲ್ಲಿ ವಾಟ್ಸ್‌ಆ್ಯಪ್ 'ಫಾರ್ವರ್ಡೆಡ್' ಎಂಬ ಗುರುತು ತಂದಿತು, ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳಿಗೆ ಮಾತ್ರ ಕಳಿಸುವ ಮಿತಿ ಹಾಕಿತು. 2019ರಲ್ಲಿ ಅದು ಜಗತ್ತಿಗೆಲ್ಲ ಅನ್ವಯವಾಯಿತು. 2020ರ ಏಪ್ರಿಲ್‌ನಲ್ಲಿ, ಈಗಾಗಲೇ ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು ಎಂದಾಯಿತು. ಇದರಿಂದ ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿಕೊಂಡಿದೆ. ಆದರೆ ಮಿತಿಗಳು ಓಟವನ್ನು ತಡಮಾಡುತ್ತವೆ, ತುಂಬಾ ಅಂಟುವ ಸುದ್ದಿಯನ್ನು ಪೂರ್ತಿ ನಿಲ್ಲಿಸುವುದಿಲ್ಲ ಎಂದು ಸ್ವತಂತ್ರ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ.

ಮಿತಿ ದಾಟುವ ದಾರಿಯೂ ಜನರಿಗೆ ಗೊತ್ತು: ಬರಹವನ್ನು ಕಾಪಿ ಮಾಡಿ ಅಂಟಿಸಿದರೆ 'ಫಾರ್ವರ್ಡೆಡ್' ಗುರುತು ಹೋಗುತ್ತದೆ, ಸ್ಕ್ರೀನ್‌ಶಾಟ್ ತೆಗೆದರೂ ಹೋಗುತ್ತದೆ. ಜೆರಾಕ್ಸ್ ಮಸುಕಾದಾಗ ಕೂತು ಹೊಸದಾಗಿ ಟೈಪ್ ಮಾಡುತ್ತಿದ್ದ ಆ ಅಪರಿಚಿತರ ಕೆಲಸವೇ ಇದು. ಇಂದು ನಿಮ್ಮ ಚಾಟ್‌ನಲ್ಲಿ ಒಂದು ಸಂದೇಶದ ತಲೆಯ ಮೇಲೆ ಜೋಡಿ ಬಾಣ ಕಂಡರೆ, ಅದು ನಿಮ್ಮನ್ನು ಮುಟ್ಟುವ ಮೊದಲು ಐದಕ್ಕಿಂತ ಕಡಿಮೆಯಿಲ್ಲದಷ್ಟು ಸಲ ಕೈ ಬದಲಾಯಿಸಿದೆ. ಆ ಕೈಗಳಲ್ಲಿ ಯಾರು ಏನನ್ನು ಕತ್ತರಿಸಿದರು ಎಂಬುದು ಮಾತ್ರ ಬಾಣದಲ್ಲಿ ಕಾಣುವುದಿಲ್ಲ.